ಅರುವತ್ತರ ಮೇಲೆ ಲ್ಯಾಪ್‌ಟಾಪಿನ ತಳಿ ಬದಲಾವಣೆ

ತೋಟದ ಲೆಕ್ಕ, ಆಳಿನ ಹಾಜರಿ, ಮಳೆಯ ದಾಖಲೆ, ಬ್ಯಾಂಕಿನ ವ್ಯವಹಾರ ಇವನ್ನೆಲ್ಲ ಲ್ಯಾಪ್‌ಟಾಪಿನಲ್ಲಿ ಇಟ್ಟುಕೊಂಡ ಬೆಳೆಗಾರರು ಈಗ ನಮ್ಮಲ್ಲಿ ವಿರಳವಲ್ಲ. ಇವರಲ್ಲಿ ಅನೇಕರು ಐವತ್ತರ ಆಸುಪಾಸಿನಲ್ಲಿ ಗಣಕಯಂತ್ರಕ್ಕೆ ಕೈಹಚ್ಚಿ, ಕಷ್ಟಪಟ್ಟು ಕಲಿತು, ಈಗ ಅರುವತ್ತು ಎಪ್ಪತ್ತರ ವಯಸ್ಸಿಗೆ ಬಂದವರು. ಒಮ್ಮೆ ಕಲಿತ ಯಂತ್ರವೇ ಕೊನೆತನಕ ನಡೆಯುತ್ತದೆಂದು ಭಾವಿಸಿದ್ದರೆ ಅದು ಸಹಜವೇ. ಆದರೆ ಹಾಗಾಗಲಿಲ್ಲ. ನಮ್ಮ ಬಹುಪಾಲು ಲ್ಯಾಪ್‌ಟಾಪುಗಳಲ್ಲಿ ಇದ್ದ ವಿಂಡೋಸ್ 10 ಎಂಬ ನಿರ್ವಹಣಾ ವ್ಯವಸ್ಥೆಗೆ ಮೈಕ್ರೋಸಾಫ್ಟ್ ಸಂಸ್ಥೆ 2025ರ ಅಕ್ಟೋಬರ್ 14ರಂದು ಬೆಂಬಲವನ್ನು ನಿಲ್ಲಿಸಿತು. ಇದೇ ಹೊತ್ತಿಗೆ ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುವ ಮಕ್ಕಳು ತಮ್ಮ ಹಳೆಯ ಆಪಲ್ ಲ್ಯಾಪ್‌ಟಾಪನ್ನು ಊರಿಗೆ ತಂದು, "ಅಪ್ಪಯ್ಯಾ, ಇನ್ನು ಇದನ್ನೇ ಬಳಸಿ" ಎಂದು ಮೇಜಿನ ಮೇಲಿಟ್ಟು ಹೋಗುವುದೂ ನಡೆದಿದೆ. ಹೀಗಾಗಿ ಬಯಸಿಯೋ ಬಯಸದೆಯೋ ಯಂತ್ರದ ತಳಿ ಬದಲಿಸುವ ಪ್ರಸಂಗ ಅನೇಕ ಮನೆಗಳಿಗೆ ಬಂದಿದೆ. ಆ ಕುರಿತು ಸದಸ್ಯರು ತಿಳಿದಿರಬೇಕಾದ ಸಂಗತಿಗಳನ್ನು ಈ ಪಾಠದಲ್ಲಿ ಹೇಳುತ್ತೇವೆ.

ಬದಲಿಸಲೇಬೇಕೆ?

ಬೆಂಬಲ ನಿಂತಿತೆಂದರೆ ಯಂತ್ರ ನಿಂತಿತೆಂದು ಅರ್ಥವಲ್ಲ. ವಿಂಡೋಸ್ 10 ಇರುವ ಲ್ಯಾಪ್‌ಟಾಪು ಹಿಂದಿನಂತೆಯೇ ತೆರೆದುಕೊಳ್ಳುತ್ತದೆ, ಲೆಕ್ಕ ಮಾಡುತ್ತದೆ, ಮುದ್ರಿಸುತ್ತದೆ. ನಿಂತದ್ದು ದುರಸ್ತಿ ಮಾತ್ರ. ಇಂಥ ವ್ಯವಸ್ಥೆಗಳಲ್ಲಿ ಕಳ್ಳರು ನುಗ್ಗಬಹುದಾದ ಸಂದುಗಳು ಆಗಾಗ ಪತ್ತೆಯಾಗುತ್ತಲೇ ಇರುತ್ತವೆ. ಸಂಸ್ಥೆಯವರು ತಿಂಗಳು ತಿಂಗಳು ಅವನ್ನು ಮುಚ್ಚುತ್ತ ಬರುತ್ತಾರೆ. ಆ ಮುಚ್ಚುವ ಕೆಲಸ ನಿಂತ ಮೇಲೆ, ತೋಟದ ಬೇಲಿಯನ್ನು ವರ್ಷಗಟ್ಟಲೆ ಕಟ್ಟದೆ ಬಿಟ್ಟಂತೆ. ಮೊದಲ ದಿನವೇ ದನ ನುಗ್ಗುವುದಿಲ್ಲ, ಆದರೆ ನುಗ್ಗಿದ ದಿನ ತಡೆಯುವುದಕ್ಕೇನೂ ಇರುವುದಿಲ್ಲ. ಕೇವಲ ಲೆಕ್ಕ ಬರೆಯಲು, ಅಂತರ್ಜಾಲದ ಸಂಪರ್ಕವಿಲ್ಲದೆ ಬಳಸುವವರಿಗೆ ಇದರಿಂದ ಅಂಥ ಭಯವಿಲ್ಲ. ಅಡಿಕೆ, ಕಾಫಿ ಮಾರಿದ ಹಣವಿರುವ ಬ್ಯಾಂಕ್ ಖಾತೆಯನ್ನು ಅದೇ ಯಂತ್ರದಲ್ಲಿ ತೆರೆಯುವವರು ಮಾತ್ರ ಆಲೋಚಿಸಬೇಕು.

ತಾತ್ಕಾಲಿಕ ಪರಿಹಾರವಾಗಿ 2026ರ ಅಕ್ಟೋಬರ್ 13ರವರೆಗೆ ಒಂದು ವರ್ಷ ಭದ್ರತಾ ದುರಸ್ತಿಗಳನ್ನು ಮುಂದುವರಿಸುವ ಯೋಜನೆಯೊಂದನ್ನು ಸಂಸ್ಥೆ ಪ್ರಕಟಿಸಿತ್ತು. ಅದಕ್ಕೆ ಮೈಕ್ರೋಸಾಫ್ಟ್ ಖಾತೆಯ ಮೂಲಕ ನೋಂದಾಯಿಸಿಕೊಳ್ಳಬೇಕಾಗಿತ್ತು. ಆದರೆ ಒಂದು ವರ್ಷವೆಂದರೆ ಒಂದು ಫಸಲು, ಅಷ್ಟೆ.

ಹಾಗಾದರೆ ಅದೇ ಲ್ಯಾಪ್‌ಟಾಪಿಗೆ ವಿಂಡೋಸ್ 11 ಹಾಕಿಸಬಾರದೇಕೆ ಎಂದು ಕೇಳುವವರುಂಟು. 2021ರ ಅಕ್ಟೋಬರಿನಲ್ಲಿ ಬಂದ ಈ ವ್ಯವಸ್ಥೆ ಎಲ್ಲ ಯಂತ್ರಕ್ಕೂ ಒಗ್ಗುವುದಿಲ್ಲ. ಇಂಟೆಲ್ ಸಂಸ್ಕಾರಕವಾದರೆ ಸುಮಾರಾಗಿ ಎಂಟನೆಯ ತಲೆಮಾರಿನದ್ದೋ ಅದರ ನಂತರದ್ದೋ ಆಗಿರಬೇಕು. ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು ಇರಬೇಕು. 2018ಕ್ಕಿಂತ ಮೊದಲು ಕೊಂಡ ಲ್ಯಾಪ್‌ಟಾಪುಗಳು ಹೆಚ್ಚಾಗಿ ಈ ಪರೀಕ್ಷೆಯಲ್ಲಿ ಪಾಸಾಗುವುದಿಲ್ಲ. ನಿಮ್ಮದು ಪಾಸಾಗುತ್ತದೋ ಎಂಬುದನ್ನು ಪಿಸಿ ಹೆಲ್ತ್ ಚೆಕ್ ಎಂಬ ಅದೇ ಸಂಸ್ಥೆಯ ಸಣ್ಣ ಸಾಧನ ಹೇಳಿಬಿಡುತ್ತದೆ. ಪೇಟೆಯ ಅಂಗಡಿಗಳಲ್ಲಿ "ಹೇಗಾದರೂ ಮಾಡಿ ಹಾಕಿಕೊಡುತ್ತೇವೆ" ಎನ್ನುವವರು ಇದ್ದಾರೆ. ಹಾಕಲು ಬರುತ್ತದೆ ನಿಜ. ಆದರೆ ಹಾಗೆ ಹಾಕಿದ ಯಂತ್ರಕ್ಕೆ ಮುಂದೆ ದುರಸ್ತಿಗಳು ಬರುತ್ತವೆಂಬ ಖಾತರಿಯನ್ನು ಸಂಸ್ಥೆ ಕೊಡುವುದಿಲ್ಲ. ಯಾವ ತೊಂದರೆಯಿಂದ ತಪ್ಪಿಸಿಕೊಳ್ಳಲು ಹೊರಟೆವೋ ಅದೇ ತೊಂದರೆ ಹೊಸ ಅಂಗಿ ತೊಟ್ಟು ಕುಳಿತಂತಾಗುತ್ತದೆ. ಇದಕ್ಕೆ ಹಣ ಕೊಡುವುದು ಬೇಡವೆಂದು ನಮ್ಮ ಅಭಿಪ್ರಾಯ.

ಮುಂದೆ ಉಳಿಯುವ ದಾರಿಗಳು ನಾಲ್ಕು. ಹೊಸ ವಿಂಡೋಸ್ ಲ್ಯಾಪ್‌ಟಾಪು ಕೊಳ್ಳುವುದು ಒಂದು. ಹಣವಿದ್ದವರಿಗೆ, ಟ್ಯಾಲಿಯಲ್ಲಿ ಲೆಕ್ಕ ಇಡುವವರಿಗೆ ಇದೇ ನೇರವಾದದ್ದು. ಕ್ರೋಮ್‌ಬುಕ್ ಎಂಬುದು ಇನ್ನೊಂದು. ಅಗ್ಗ, ಹಗುರ, ಕೆಡುವುದೂ ಕಡಿಮೆ. ಆದರೆ ಅದರ ಜೀವವೆಲ್ಲ ಅಂತರ್ಜಾಲದಲ್ಲಿದೆ. ಆಷಾಢದಲ್ಲಿ ಮರ ಬಿದ್ದು ನಾಲ್ಕು ದಿನ ತಂತಿ ಕಡಿದಿರುವ ನಮ್ಮ ಊರುಗಳಿಗೆ ಅದನ್ನು ನಾವು ಶಿಫಾರಸು ಮಾಡುವುದಿಲ್ಲ. ಉಳಿದ ಎರಡು, ಅಂದರೆ ಹಳೆಯ ಲ್ಯಾಪ್‌ಟಾಪಿಗೇ ಲಿನಕ್ಸ್ ಹಾಕಿಕೊಳ್ಳುವುದು ಮತ್ತು ಮಕ್ಕಳು ಕೊಟ್ಟ ಆಪಲ್ ಮ್ಯಾಕ್‌ಗೆ ಹೊಂದಿಕೊಳ್ಳುವುದು, ಇವನ್ನು ಸ್ವಲ್ಪ ವಿಸ್ತಾರವಾಗಿ ನೋಡಬೇಕು. ಅದಕ್ಕೂ ಮುಂಚೆ ಎಲ್ಲರಿಗೂ ಸಮಾನವಾದ ಒಂದು ವಿಷಯವಿದೆ. ನಮ್ಮ ದೃಷ್ಟಿಯಲ್ಲಿ ಈ ಪಾಠದ ಮುಖ್ಯ ಭಾಗ ಅದೇ.

ಹಳೆಯ ಕನ್ನಡ ಕಡತಗಳ ಗತಿ

ಇಪ್ಪತ್ತು ವರ್ಷಗಳ ಹಿಂದೆ ಕನ್ನಡದಲ್ಲಿ ಟೈಪು ಮಾಡಿದವರು ಹೆಚ್ಚಾಗಿ ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಮಾಡಿದ್ದಾರೆ. ಮನೆಯ ಪಾಲುಪಟ್ಟಿಯ ಕರಡು, ಕೆರೆ ನೀರಿನ ಸರದಿಯ ಒಪ್ಪಂದ, ತಂದೆಯವರು ಹೇಳಿ ಬರೆಸಿದ ವಂಶಾವಳಿ, ಹತ್ತಿಪ್ಪತ್ತು ವರ್ಷದ ಮಳೆಯ ಪಟ್ಟಿ, ಇಂಥವೆಲ್ಲ ಆ ಅಕ್ಷರಗಳಲ್ಲಿ ಇವೆ. ಇಂಥ ಕಡತವನ್ನು ಹೊಸ ಯಂತ್ರಕ್ಕೆ ನಕಲು ಮಾಡಿ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳಿಗೆ ಕೊಂಬು ಬಾಲ ಮೂಡಿದಂಥ ಸಾಲುಗಳು ಕಾಣುತ್ತವೆ. ಕಡತ ಕೆಟ್ಟಿತೆಂದು ಗಾಬರಿಗೊಂಡು ಅಳಿಸಿಬಿಡುವವರಿದ್ದಾರೆ. ಅಳಿಸಬಾರದು, ಅದು ಕೆಟ್ಟಿಲ್ಲ.

ಕಾರಣ ಹೀಗಿದೆ. ಗಣಕಯಂತ್ರ ಅಕ್ಷರವನ್ನು ಅಕ್ಷರವಾಗಿ ಇಟ್ಟುಕೊಳ್ಳುವುದಿಲ್ಲ, ಸಂಖ್ಯೆಯಾಗಿ ಇಟ್ಟುಕೊಳ್ಳುತ್ತದೆ. ಹಳೆಯ ಪದ್ಧತಿಯಲ್ಲಿ ಒಟ್ಟು 256 ಸಂಖ್ಯೆಗಳು ಮಾತ್ರ ಇದ್ದು, ಅವು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿಗೆ ಹಂಚಿಹೋಗಿದ್ದವು. ಕನ್ನಡದವರು ಏನು ಮಾಡಿದರೆಂದರೆ, ಆ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿಯೇ ಕನ್ನಡದ ತಲೆಕಟ್ಟು, ಒತ್ತು, ಕೊಂಬುಗಳ ಚಿತ್ರಗಳನ್ನು ಕೂಡಿಸಿದರು. ಕಡತದ ಒಳಗೆ ಇರುವುದು ಇಂಗ್ಲಿಷಿನ ಸಂಖ್ಯೆ, ಮೇಲೆ ಕಾಣುವುದು ಕನ್ನಡದ ಚಿತ್ರ. ಆ ನಿರ್ದಿಷ್ಟ ಅಕ್ಷರಶೈಲಿ ಇರುವ ಯಂತ್ರದಲ್ಲಿ ಮಾತ್ರ ಅದು ಕನ್ನಡ. ಅನಂತರ ಬಂದ ಯೂನಿಕೋಡ್ ಪದ್ಧತಿಯಲ್ಲಿ ಕನ್ನಡಕ್ಕೆ ತನ್ನದೇ ಸಂಖ್ಯೆಗಳು ದೊರೆತವು. ಉದಾಹರಣೆಗೆ 'ಕ' ಅಕ್ಷರದ ಸಂಖ್ಯೆ 3221. ಅದು ವಿಂಡೋಸಿನಲ್ಲಿರಲಿ, ಮ್ಯಾಕ್‌ನಲ್ಲಿರಲಿ, ಮೊಬೈಲಿನಲ್ಲಿರಲಿ 3221 ಎಂದರೆ 'ಕ'ವೇ, ಇನ್ನೊಂದಲ್ಲ. ಇಂದು ಮೊಬೈಲಿನಲ್ಲಿ ಕಳುಹಿಸುವ ಕನ್ನಡವೆಲ್ಲ ಯೂನಿಕೋಡೇ.

ನಿಮ್ಮ ಕಡತ ಯಾವ ಬಗೆಯದೆಂದು ತಿಳಿಯಲು ಸುಲಭವಾದ ಪರೀಕ್ಷೆ ಇದೆ. ಹಳೆಯ ಯಂತ್ರದಲ್ಲಿ ಅದನ್ನು ತೆರೆದು, ಒಂದು ಸಾಲನ್ನು ನಕಲು ಮಾಡಿ, ಅಂತರ್ಜಾಲದ ಮೂಲಕ ನಿಮಗೆ ನೀವೇ ಒಂದು ಮಿಂಚಂಚೆ ಕಳುಹಿಸಿ ಮೊಬೈಲಿನಲ್ಲಿ ನೋಡಿ. ಕನ್ನಡವಾಗಿಯೇ ಕಂಡರೆ ಚಿಂತೆಯಿಲ್ಲ. ಕೊಂಬು ಬಾಲಗಳು ಕಂಡರೆ ಅದು ಹಳೆಯ ಬಗೆಯದು, ಪರಿವರ್ತನೆ ಆಗಬೇಕು. ಪರಿವರ್ತಕ ಸಾಧನಗಳು ದೊರೆಯುತ್ತವೆ. ಆದರೆ ಅವನ್ನು ಕಣ್ಣುಮುಚ್ಚಿ ನಂಬಲಾಗದು. ಅರ್ಕಾವತ್ತು ಅಕ್ಕಪಕ್ಕದ ಅಕ್ಷರಕ್ಕೆ ಹಾರುತ್ತದೆ, ಒತ್ತುಗಳು ತಪ್ಪುತ್ತವೆ. ನಡುವೆ ನಿಜವಾದ ಇಂಗ್ಲಿಷ್ ಪದಗಳಿದ್ದರೆ ಅವೂ ಕನ್ನಡವೆಂದು ತಿಳಿದು ಅರ್ಥವಿಲ್ಲದ ಅಕ್ಷರಗಳಾಗಿ ಬರುತ್ತವೆ. ಆದುದರಿಂದ ಹಳೆಯ ಯಂತ್ರದ ಪರದೆಯನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟುಕೊಂಡು ಸಾಲು ಸಾಲಾಗಿ ತಾಳೆ ನೋಡಬೇಕು. ಈ ಕೆಲಸ ಹಳೆಯ ಯಂತ್ರ ಜೀವಂತವಾಗಿರುವಾಗಲೇ ಆಗತಕ್ಕದ್ದು. ಅದು ಸತ್ತ ಮೇಲೆ ಮೂಲ ಹೇಗಿತ್ತೆಂದು ಹೇಳುವ ಸಾಕ್ಷಿಯೇ ಇರುವುದಿಲ್ಲ.

ಎಲ್ಲ ಕಡತಗಳಿಗೂ ಇಷ್ಟು ಶ್ರಮ ಬೇಕಿಲ್ಲ. ಮುಂದೆ ತಿದ್ದಬೇಕಾದದ್ದು, ಸೇರಿಸಬೇಕಾದದ್ದು ಇದ್ದರೆ ಪರಿವರ್ತಿಸಿ. ಓದಿಕೊಂಡರೆ ಸಾಕೆನ್ನುವ ಪತ್ರಗಳನ್ನು ಹಳೆಯ ಯಂತ್ರದಲ್ಲಿಯೇ ಪಿಡಿಎಫ್ ಮಾಡಿ ಇಟ್ಟರೆ ಅಕ್ಷರಗಳೂ ಅದರೊಳಗೆ ಸೇರಿ ಎಲ್ಲಿ ತೆರೆದರೂ ಹಾಗೆಯೇ ಕಾಣುತ್ತವೆ. ಪಾಲುಪಟ್ಟಿಯಂಥದನ್ನು ಕಾಗದದ ಮೇಲೂ ಒಂದು ಪ್ರತಿ ಮುದ್ರಿಸಿ ಕಬ್ಬಿಣದ ಪೆಟ್ಟಿಗೆಯಲ್ಲಿ ಇಡುವುದು ಇಂದಿಗೂ ಒಳ್ಳೆಯ ಪದ್ಧತಿ. ಕೋಷ್ಟಕಗಳಲ್ಲಿ ಇರುವ ಆಳುಲೆಕ್ಕ, ತೂಕದ ಲೆಕ್ಕಗಳ ಮಟ್ಟಿಗೆ ಭಯ ಕಡಿಮೆ, ಏಕೆಂದರೆ ಅಂಕೆಗಳು ಅಂಕೆಗಳಾಗಿಯೇ ಉಳಿಯುತ್ತವೆ. ತಲೆಬರಹ ಮತ್ತು ಆಳುಗಳ ಹೆಸರುಗಳನ್ನು ಮಾತ್ರ ಮತ್ತೆ ಬರೆದರಾಯಿತು.

ಇನ್ನು ನಕಲಿನ ವಿಷಯ. ಹಳೆಯ ಯಂತ್ರದಿಂದ ಎರಡು ಪ್ರತಿ ತೆಗೆಯಿರಿ, ಎರಡನ್ನೂ ಒಂದೇ ಮನೆಯಲ್ಲಿ ಇಡಬೇಡಿ. ಪೆನ್‌ಡ್ರೈವ್ ಸಾಗಿಸಲು ಅನುಕೂಲವೇ ಹೊರತು ವರ್ಷಗಟ್ಟಲೆ ಕಾದಿಡಲು ತಕ್ಕದ್ದಲ್ಲ. ಹೊರಗಿನ ಡಿಸ್ಕೊಂದನ್ನು ಕೊಳ್ಳುವುದು ಲೇಸು. ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿಯದಂತೆ ಬಿಗಿಯಾದ ಡಬ್ಬದಲ್ಲಿ, ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಡಬೇಕು. (ಒಲೆಯ ಮೇಲಿನ ಅಟ್ಟ ಮೆಣಸಿಗೆ ಬೆಚ್ಚಗೆಂದು ಡಿಸ್ಕಿಗೂ ಬೆಚ್ಚಗೆಂದು ತಿಳಿಯಬಾರದು. ಹೊಗೆ ಮತ್ತು ಶಾಖ ಎರಡೂ ಅದಕ್ಕೆ ವಿಷ.) ಬೇರೊಂದು ಯಂತ್ರದಲ್ಲಿ ತೆರೆದು ನೋಡುವವರೆಗೆ ಅದನ್ನು ನಕಲು ಎಂದು ಎಣಿಸಬೇಡಿ. ಯಾವುದಾದರೂ ಮೂರು ತಿಂಗಳ ಹಾಜರಿ ಲೆಕ್ಕ ತೆರೆದು, ಒಟ್ಟು ಮೊತ್ತ ಪುಸ್ತಕದ ಮೊತ್ತಕ್ಕೆ ಸರಿಹೊಂದುತ್ತದೆಯೇ ನೋಡಿ. ಡೆಸ್ಕ್‌ಟಾಪ್, ಡೌನ್‌ಲೋಡ್ ಎಂಬ ಜಾಗಗಳಲ್ಲಿ ಬಿದ್ದಿರುವ ಪಹಣಿ ಪ್ರತಿ, ಸರ್ವೆ ನಕ್ಷೆಗಳು ನೆನಪಿಗೆ ಬರುವುದೇ ಇಲ್ಲ. ಅವನ್ನೂ ಹುಡುಕಿ ಸೇರಿಸತಕ್ಕದ್ದು. ಟ್ಯಾಲಿ ಇರುವವರು ಅದರೊಳಗಿನ ಬ್ಯಾಕಪ್ ಸೌಲಭ್ಯದಿಂದಲೇ ಪ್ರತಿ ತೆಗೆಯಬೇಕು.

ಹಳೆಯ ಯಂತ್ರಕ್ಕೆ ಹೊಸ ವ್ಯವಸ್ಥೆ

ಲಿನಕ್ಸ್ ಎಂಬುದು 1991ರಲ್ಲಿ ಫಿನ್ಲೆಂಡಿನ ಲಿನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿಯಿಂದ ಆರಂಭವಾಗಿ, ಲೋಕದ ಸಾವಿರಾರು ಜನ ಕೂಡಿ ಬೆಳೆಸಿದ ವ್ಯವಸ್ಥೆ. ಬೆಲೆ ಇಲ್ಲ, ಯಾರ ಸ್ವತ್ತೂ ಅಲ್ಲ. ಸಹಕಾರಿಗಳಾದ ನಮಗೆ ಇದರ ತತ್ತ್ವ ಹೊಸದೇನಲ್ಲ. ನೆರೆಯ ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಬಹಳ ವರ್ಷಗಳಿಂದ ಇದನ್ನೇ ಬಳಸಿ ಕಲಿಯುತ್ತಿದ್ದಾರೆ. ಇದರಲ್ಲಿ ಅನೇಕ ತಳಿಗಳಿವೆ. ವಿಂಡೋಸಿನ ಕೈಗೆ ಹತ್ತಿರವಾದದ್ದು ಲಿನಕ್ಸ್ ಮಿಂಟ್. ಎಡಗಡೆ ಕೆಳಮೂಲೆಯಲ್ಲಿ ಮೆನು, ಬಲಗಡೆ ಗಡಿಯಾರ, ಕಿಟಕಿ ಮುಚ್ಚುವ ಗುರುತು ಬಲಮೇಲೆ. ಎಲ್ಲ ಇದ್ದಲ್ಲೇ ಇವೆ. 2024ರಲ್ಲಿ ಬಂದ ಇದರ 22ನೆಯ ಸರಣಿಗೆ 2029ರವರೆಗೆ ದುರಸ್ತಿಗಳು ಬರುತ್ತವೆ. 4 ಜಿಬಿ ಸ್ಮೃತಿ ಇರುವ ಲ್ಯಾಪ್‌ಟಾಪಿನಲ್ಲಿಯೂ ನಡೆಯುತ್ತದೆ. ಹಳೆಯ ತಿರುಗುವ ಡಿಸ್ಕನ್ನು ತೆಗೆಸಿ ಎಸ್‌ಎಸ್‌ಡಿ ಹಾಕಿಸಿದರೆ, ಹತ್ತು ವರ್ಷದ ಯಂತ್ರವೂ ಕಸಿ ಕಟ್ಟಿದ ಗಿಡದಂತೆ ಚಿಗುರುತ್ತದೆ.

ಇದರ ದೊಡ್ಡ ಅನುಕೂಲವೆಂದರೆ ಹಾಕಿಕೊಳ್ಳುವ ಮೊದಲೇ ರುಚಿ ನೋಡಬಹುದು. ಒಂದು ಪೆನ್‌ಡ್ರೈವಿನಲ್ಲಿ ಇಡೀ ವ್ಯವಸ್ಥೆಯನ್ನು ತುಂಬಿಸಿ, ಅದರಿಂದಲೇ ಯಂತ್ರವನ್ನು ಆರಂಭಿಸಿದರೆ ಒಳಗಿನ ಡಿಸ್ಕನ್ನು ಮುಟ್ಟದೆ ಕೆಲಸ ಮಾಡುತ್ತದೆ. ವೈಫೈ ಹಿಡಿಯುತ್ತದೆಯೆ, ಧ್ವನಿ ಬರುತ್ತದೆಯೆ, ಮುಖ್ಯವಾಗಿ ನಿಮ್ಮ ಮುದ್ರಣಯಂತ್ರ ಓಡುತ್ತದೆಯೆ ಎಂದು ಆಗಲೇ ಪರೀಕ್ಷಿಸಿ. ನಮ್ಮ ಕಡೆಯ ಮನೆಗಳಲ್ಲಿರುವ ಕೆಲವು ಹಳೆಯ ಲೇಸರ್ ಮುದ್ರಕಗಳು ವಿಂಡೋಸನ್ನು ಬಿಟ್ಟು ಬೇರೆಯವರ ಮಾತು ಕೇಳುವುದೇ ಇಲ್ಲ.

ಡಿಸ್ಕನ್ನು ಅಳಿಸಿ ಹೊಸದನ್ನು ಹಾಕುವುದಕ್ಕೆ ಮೊದಲು ಇನ್ನೊಂದು ಎಚ್ಚರ. ಕೆಲವು ವಿಂಡೋಸ್ ಯಂತ್ರಗಳ ಡಿಸ್ಕು ಬಿಟ್‌ಲಾಕರ್ ಎಂಬ ಬೀಗದಲ್ಲಿರುತ್ತದೆ. ಅದರ ಕೀಲಿಸಂಖ್ಯೆ ಸಾಮಾನ್ಯವಾಗಿ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಅದನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು. ಇಲ್ಲದಿದ್ದರೆ ಮುಂದೆ ಡಿಸ್ಕನ್ನು ಹೊರತೆಗೆದು ಓದಿಸಬೇಕೆಂದರೂ ಒಳಗಿನದು ಸಿಗದು.

ಟ್ಯಾಲಿ ಲಿನಕ್ಸಿನಲ್ಲಿಯೂ ಮ್ಯಾಕ್‌ನಲ್ಲಿಯೂ ನೇರವಾಗಿ ನಡೆಯುವುದಿಲ್ಲ, ಅದು ವಿಂಡೋಸಿಗಾಗಿಯೇ ಆದದ್ದು. ಟ್ಯಾಲಿ ಬಿಡಲಾಗದವರು ಇಲ್ಲಿಗೇ ಈ ದಾರಿಯನ್ನು ಕೈಬಿಡಬಹುದು, ಅಥವಾ ಹಳೆಯ ಯಂತ್ರವನ್ನು ಟ್ಯಾಲಿಗೆಂದೇ ಅಂತರ್ಜಾಲ ಕಡಿದು ಇಟ್ಟುಕೊಳ್ಳಬಹುದು. ಎಕ್ಸೆಲ್ ಕೋಷ್ಟಕಗಳನ್ನು ಲಿಬ್ರೆಆಫೀಸ್ ತೆರೆಯುತ್ತದೆ. ಕೂಡುವುದು, ಕಳೆಯುವುದು, ಸರಾಸರಿ ಇವಕ್ಕೆ ಅಡ್ಡಿಯಿಲ್ಲ. ಯಾರಾದರೂ ಮ್ಯಾಕ್ರೋ ಬರೆದು ಕೊಟ್ಟಿದ್ದರೆ ಅದು ನಡೆಯದೇ ಹೋಗಬಹುದು.

ಮಕ್ಕಳು ಕೊಟ್ಟ ಮ್ಯಾಕ್

ಕೊಟ್ಟದ್ದನ್ನು ಪರೀಕ್ಷಿಸುವುದು ಸಭ್ಯತೆಯಲ್ಲವೆಂದು ಸುಮ್ಮನಿರಬಾರದು. ಮೇಲಿನ ಎಡಮೂಲೆಯ ಸೇಬಿನ ಗುರುತು ಒತ್ತಿ 'ಈ ಮ್ಯಾಕ್‌ನ ಬಗ್ಗೆ' ಎಂಬ ಅರ್ಥದ ಮೊದಲ ಸಾಲನ್ನು ತೆರೆಯಿರಿ. ಅಲ್ಲಿ ಚಿಪ್ಪು ಎಂ1, ಎಂ2 ಎಂದು ಹೀಗೆ ಇದ್ದರೆ ಅದು 2020ರ ನವೆಂಬರ್ ನಂತರದ, ಆಪಲ್ ತಾನೇ ಮಾಡಿದ ಚಿಪ್ಪಿನದು. ಇನ್ನೂ ಹಲವು ವರ್ಷ ಬಾಳಿಕೆ ಬಂದೀತು. ಇಂಟೆಲ್ ಎಂದು ಇದ್ದರೆ ಯೋಚಿಸಬೇಕು. 2025ರಲ್ಲಿ ಬಂದ ಟಾಹೋ ಎಂಬ ಆವೃತ್ತಿಯೇ ಇಂಟೆಲ್ ಯಂತ್ರಗಳಿಗೆ ಕೊನೆಯದೆಂದು ಆಪಲ್ ಸಂಸ್ಥೆ ಹೇಳಿದೆ. ಎಲ್ಲ ಇಂಟೆಲ್ ಮ್ಯಾಕ್‌ಗಳಿಗೂ ಅದೂ ದೊರೆಯುವುದಿಲ್ಲ. ವಿಂಡೋಸ್ 10ರಿಂದ ಓಡಿ ಬಂದು ಅದೇ ಗುಂಡಿಗೆ ಬೀಳುವುದು ಬೇಡ.

ಎರಡನೆಯದಾಗಿ, ಕೊಡುವವರು ತಮ್ಮ ಆಪಲ್ ಖಾತೆಯಿಂದ ಆ ಯಂತ್ರವನ್ನು ಬಿಡಿಸಿ, ಒಳಗಿನದನ್ನೆಲ್ಲ ಅಳಿಸಿ ಕೊಡಬೇಕು. ಹಾಗೆ ಬಿಡಿಸದಿದ್ದರೆ ಒಂದಲ್ಲ ಒಂದು ದಿನ ಯಂತ್ರ ಅವರ ಗುಪ್ತಪದ ಕೇಳಿ ಬೀಗ ಹಾಕಿಕೊಂಡು ಕುಳಿತೀತು. ಮಗಳು ನಡುರಾತ್ರಿಯ ದೇಶದಲ್ಲಿದ್ದರೆ ನೀವು ಇಲ್ಲಿ ಕಾಯಬೇಕಾಗುತ್ತದೆ. ಹೊಸ ಖಾತೆಯನ್ನು ನಿಮ್ಮ ಹೆಸರಿನಲ್ಲಿ, ನಿಮ್ಮ ಕೈಯಲ್ಲಿರುವ ಮೊಬೈಲ್ ಸಂಖ್ಯೆಗೇ ಮಾಡಿಸಿ. ಗುಪ್ತಪದವನ್ನು ಪುಸ್ತಕವೊಂದರಲ್ಲಿ ಬರೆದು ಮನೆಯವರಿಗೂ ಒಬ್ಬರಿಗೆ ತಿಳಿಸಿಡಿ. ವಯಸ್ಸಾದವರ ವಿಷಯದಲ್ಲಿ ಇದು ಮರೆವಿನ ಪ್ರಶ್ನೆ ಮಾತ್ರವಲ್ಲ. ನಾಳೆ ನಾವು ಆಸ್ಪತ್ರೆಯಲ್ಲಿದ್ದರೂ ಆಳುಗಳ ಬಟವಾಡೆ ನಡೆಯಬೇಕಲ್ಲ!

ಹೊಸ ಮ್ಯಾಕ್‌ಗಳ ಅನೇಕ ಮಾದರಿಗಳಲ್ಲಿ ಹಳೆಯ ಚಪ್ಪಟೆ ಯುಎಸ್‌ಬಿ ರಂಧ್ರವೇ ಇಲ್ಲ. ಪೆನ್‌ಡ್ರೈವ್, ಮೌಸ್, ಮುದ್ರಕದ ತಂತಿ ಯಾವುದೂ ಒಳಗೆ ಹೋಗದು. ನಡುವೆ ಸಿಕ್ಕಿಸುವ ಸಣ್ಣ ಅಡಾಪ್ಟರನ್ನು ಮೊದಲ ದಿನವೇ ತರಿಸಿಕೊಳ್ಳಿ. ಇನ್ನೊಂದು ಸಂಗತಿ, ವಿಂಡೋಸಿನಲ್ಲಿ ಬಳಸಿದ ಹೊರ ಡಿಸ್ಕು ಎನ್‌ಟಿಎಫ್‌ಎಸ್ ಪದ್ಧತಿಯದಾಗಿದ್ದರೆ ಮ್ಯಾಕ್ ಅದನ್ನು ಓದುತ್ತದೆ, ಅದರ ಮೇಲೆ ಬರೆಯುವುದಿಲ್ಲ. ಇದನ್ನು ಡಿಸ್ಕು ಹಾಳಾಯಿತೆಂದು ತಿಳಿಯಬಾರದು. ಎರಡೂ ಕಡೆ ನಡೆಯಬೇಕಾದರೆ ಖಾಲಿ ಡಿಸ್ಕನ್ನು ಎಕ್ಸ್‌ಫ್ಯಾಟ್ ಪದ್ಧತಿಯಲ್ಲಿ ಸಿದ್ಧಪಡಿಸಿ ಅನಂತರ ತುಂಬಬೇಕು. ಸಿದ್ಧಪಡಿಸುವಾಗ ಅದರಲ್ಲಿದ್ದದ್ದು ಅಳಿಸಿಹೋಗುತ್ತದೆಂಬುದು ನೆನಪಿರಲಿ.

ಕೈಯ ಅಭ್ಯಾಸ ಎಂಬ ತೊಡಕು

ವಯಸ್ಸಾದ ಮೇಲೆ ಕಲಿಯಲಾಗದೆಂಬ ಮಾತನ್ನು ನಾವು ಒಪ್ಪುವುದಿಲ್ಲ. ಮರ ಹತ್ತಿ ಕೊನೆ ಇಳಿಸುತ್ತಿದ್ದವರು ನಡುವಯಸ್ಸು ದಾಟಿದ ಮೇಲೆ ಕಾರ್ಬನ್ ಫೈಬರ್ ದೋಟಿ ಹಿಡಿದು ನೆಲದ ಮೇಲಿಂದಲೇ ಕೊಯ್ಯುವುದನ್ನು ನಮ್ಮ ತೋಟಗಳಲ್ಲಿಯೇ ಕಾಣುತ್ತೇವೆ. ಅವರಿಗೆ ಕಷ್ಟವಾದದ್ದು ದೋಟಿಯ ಕೆಲಸ ತಿಳಿಯುವುದಲ್ಲ. ಮರದ ಮೇಲೆ ಕುಳಿತು ನೋಡಿದ ಕಣ್ಣಿಗೆ ಕೆಳಗಿನಿಂದ ಅಂದಾಜು ಸಿಗುವುದು, ಕಾಲು ಮಾಡುತ್ತಿದ್ದ ಕೆಲಸವನ್ನು ಕುತ್ತಿಗೆ, ರಟ್ಟೆ ಮಾಡುವುದು. ಲ್ಯಾಪ್‌ಟಾಪಿನಲ್ಲಿಯೂ ತೊಡಕು ತಲೆಯಲ್ಲಿ ಇಲ್ಲ, ಬೆರಳಿನಲ್ಲಿದೆ. ಹದಿನೈದು ವರ್ಷದಿಂದ ಕಿರುಬೆರಳು ಕೆಳಮೂಲೆಯ ಕಂಟ್ರೋಲ್ ಕೀಲಿಯನ್ನು ಹುಡುಕಿ ರೂಢಿ. ಮ್ಯಾಕ್‌ನಲ್ಲಿ ನಕಲು ಮಾಡುವುದು, ಅಂಟಿಸುವುದು, ಉಳಿಸುವುದು ಇವಕ್ಕೆಲ್ಲ ಒತ್ತಬೇಕಾದ್ದು ಕಮಾಂಡ್ ಎಂಬ ಕೀಲಿ. ಅದು ಖಾಲಿಜಾಗದ ಉದ್ದ ಪಟ್ಟಿಯ ಪಕ್ಕದಲ್ಲಿದೆ, ಹೆಬ್ಬೆರಳಿಗೆ ಸೇರಿದ್ದು. ಗೊತ್ತಿದ್ದೂ ಬೆರಳು ಹಳೆಯ ಕಡೆಗೇ ಓಡುತ್ತದೆ. ಆಗ ಸಿಟ್ಟು ಮಾಡಿಕೊಳ್ಳುವುದರಲ್ಲಿ ಫಲವಿಲ್ಲ.

ಕೀಲಿಗಳನ್ನು ಅದಲುಬದಲು ಮಾಡಿಕೊಳ್ಳುವ ಸೌಕರ್ಯ ಮ್ಯಾಕ್‌ನಲ್ಲಿದೆ. ಮಾಡಬೇಡಿ ಎನ್ನುತ್ತೇವೆ. ಹಾಗೆ ಬದಲಿಸಿದರೆ ಮುಂದೆ ಯಾರು ಸಹಾಯಕ್ಕೆ ಬಂದರೂ ಅವರು ಹೇಳುವುದು ಒಂದು, ನಿಮ್ಮಲ್ಲಿ ಆಗುವುದು ಇನ್ನೊಂದು. ಅದಕ್ಕಿಂತ ಮೊದಲ ತಿಂಗಳು ಎಲ್ಲ ಕೆಲಸವನ್ನೂ ಒಂದೇ ಯಂತ್ರದಲ್ಲಿ ಮಾಡುವುದು ಉತ್ತಮ. ಬೆಳಿಗ್ಗೆ ಇದು, ಸಂಜೆ ಅದು ಎಂದರೆ ಬೆರಳಿಗೆ ಯಾವುದೂ ಕೂರುವುದಿಲ್ಲ. ಟ್ಯಾಲಿಯೊಂದನ್ನು ಬಿಟ್ಟು ಮಿಕ್ಕದ್ದೆಲ್ಲ ಹೊಸದರಲ್ಲಾಗಲಿ.

ಗಾಬರಿ ಹುಟ್ಟಿಸುವ ಕೆಲವು ಸಣ್ಣ ಸಂಗತಿಗಳಿವೆ. ಮ್ಯಾಕ್‌ನಲ್ಲಿ ಕಿಟಕಿ ಮುಚ್ಚುವ ಕೆಂಪು ಚುಕ್ಕೆ ಎಡಗಡೆ ಮೇಲಿದೆ. ಅದನ್ನು ಒತ್ತಿದರೆ ಹೆಚ್ಚಿನ ತಂತ್ರಾಂಶಗಳಲ್ಲಿ ಕಿಟಕಿ ಮುಚ್ಚುತ್ತದೆ, ತಂತ್ರಾಂಶ ಮಾತ್ರ ಹಿಂದೆ ಎಚ್ಚರವಾಗಿಯೇ ಇರುತ್ತದೆ. ಪೂರ್ತಿ ನಿಲ್ಲಿಸಲು ಕಮಾಂಡ್ ಮತ್ತು ಕ್ಯೂ. ಹಸಿರು ಚುಕ್ಕೆ ಒತ್ತಿದರೆ ಪರದೆಯ ತುಂಬ ಹಿಗ್ಗಿ ಮೇಲಿನ ಪಟ್ಟಿಯೇ ಮಾಯವಾಗುತ್ತದೆ. ಬಾಣವನ್ನು ಪರದೆಯ ತುದಿಗೆ ಒಯ್ದರೆ ಮತ್ತೆ ಇಳಿದುಬರುತ್ತದೆ. ಮೆನುಗಳು ಆಯಾ ಕಿಟಕಿಯ ತಲೆಯ ಮೇಲಿಲ್ಲ, ಪರದೆಯ ಮೇಲಂಚಿನಲ್ಲಿ ಇವೆ. ಡಿಲೀಟ್ ಎಂದು ಬರೆದ ಕೀಲಿ ಹಿಂದಿನ ಅಕ್ಷರವನ್ನು ಅಳಿಸುತ್ತದೆ, ಮುಂದಿನದನ್ನಲ್ಲ. ಬಲಗುಂಡಿ ಇಲ್ಲವಲ್ಲ ಎಂದು ಹುಡುಕಬೇಡಿ, ಎರಡು ಬೆರಳನ್ನು ಒಟ್ಟಿಗೆ ಒತ್ತಿದರೆ ಅದೇ ಬಲಗುಂಡಿ. ಪುಟ ಸರಿಸುವಾಗ ತಿರುವುಮುರುವಾಗಿ ಓಡುತ್ತದೆ ಎನ್ನಿಸಿದರೆ ಸೆಟ್ಟಿಂಗ್ಸ್‌ನಲ್ಲಿ ಹಳೆಯ ದಿಕ್ಕಿಗೆ ತಿರುಗಿಸಿಕೊಳ್ಳಬಹುದು. ಈ ಒಂದು ಬದಲಾವಣೆಗೆ ನಮ್ಮ ಆಕ್ಷೇಪವಿಲ್ಲ.

ತೋಟದಲ್ಲಿ ದುಡಿದ ಕೈಗೆ ಪ್ರತ್ಯೇಕವಾದ ತೊಂದರೆಯೊಂದು ಇದೆ. ಲ್ಯಾಪ್‌ಟಾಪಿನ ಸ್ಪರ್ಶಫಲಕ ಬೆರಳಿನ ಚರ್ಮದ ವಿದ್ಯುತ್ ಗುಣವನ್ನು ಗ್ರಹಿಸಿ ಕೆಲಸ ಮಾಡುತ್ತದೆ. ಅಡಿಕೆ ಸುಲಿದು ಕಲೆಗಟ್ಟಿ, ಒಣಗಿ, ದಡ್ಡುಗಟ್ಟಿದ ಬೆರಳನ್ನು ಅದು ಸರಿಯಾಗಿ ಗುರುತಿಸದು. ಒದ್ದೆ ಕೈಯನ್ನೂ ಅಷ್ಟೆ. ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿ ಒತ್ತಿ ಬಾರದೆ ಹಿಂದೆ ಬಂದವರಿಗೆ ಇದು ಗೊತ್ತು. ಆದುದರಿಂದ ಬೆರಳಚ್ಚಿನ ಬೀಗವೊಂದನ್ನೇ ನೆಚ್ಚದೆ ಗುಪ್ತಪದವನ್ನು ಕೈಗೆ ರೂಢಿ ಮಾಡಿಕೊಳ್ಳಿ, ಫಲಕದ ಬದಲು ಸಾದಾ ಮೌಸ್ ಒಂದನ್ನು ಜೋಡಿಸಿಕೊಳ್ಳಿ. ಕಣ್ಣಿನ ಮಟ್ಟಿಗೆ ಹೇಳುವುದಾದರೆ ವಿಂಡೋಸ್, ಮ್ಯಾಕ್, ಮಿಂಟ್ ಮೂರರಲ್ಲಿಯೂ ಅಕ್ಷರದ ಗಾತ್ರ ಹಿಗ್ಗಿಸಬಹುದು. ಕನ್ನಡದ ಒತ್ತಕ್ಷರಗಳು ಇಂಗ್ಲಿಷಿಗಿಂತ ಸಣ್ಣದಾಗಿ ಕಾಣುವುದರಿಂದ ಸಂಕೋಚವಿಲ್ಲದೆ ಹಿಗ್ಗಿಸಿ. ಮ್ಯಾಕ್‌ನಲ್ಲಿ ಬಾಣ ಎಲ್ಲಿ ಹೋಯಿತೆಂದು ಕಾಣದಿದ್ದರೆ ಮೌಸನ್ನು ಗಡಗಡನೆ ಅಲ್ಲಾಡಿಸಿದರೆ ಅದು ದೊಡ್ಡದಾಗಿ ತೋರುತ್ತದೆ. ಪೊರೆಯ ಶಸ್ತ್ರಚಿಕಿತ್ಸೆ ನಿಗದಿಯಾಗಿರುವವರು ಅದು ಮುಗಿದು ಹೊಸ ಕನ್ನಡಕ ಬಂದ ಮೇಲೆ ಈ ಕಲಿಕೆಗೆ ತೊಡಗುವುದು ಲೇಸು.

ಕನ್ನಡದ ಕೀಲಿಮಣೆ ಬಗ್ಗೆ ಒಂದು ಮಾತು. ನುಡಿಯಲ್ಲಿ ಕಲಿತವರು ಕೆ. ಪಿ. ರಾವ್ ಅವರ ವಿನ್ಯಾಸಕ್ಕೆ ಹೊಂದಿಕೊಂಡವರು. ಅದರಲ್ಲಿ 'ಅಡಿಕೆ' ಎಂದು ಬರೆಯಲು ಇಂಗ್ಲಿಷಿನ ಎ, ಡಬ್ಲ್ಯೂ, ಐ, ಕೆ, ಇ ಕೀಲಿಗಳು. ಒತ್ತು ಬೇಕಾದಲ್ಲಿ ನಡುವೆ ಎಫ್. ಲಿನಕ್ಸಿನಲ್ಲಿ ಇದೇ ಪರಂಪರೆಯ 'ಕಗಪ' ವಿನ್ಯಾಸವನ್ನು ಆರಿಸಿಕೊಳ್ಳಬಹುದು. ವಿಂಡೋಸ್‌ನಲ್ಲಿ 2019ರ ಆವೃತ್ತಿಯಿಂದ ಈಚೆಗೆ ಫೊನೆಟಿಕ್ ಕೀಲಿಮಣೆಯೊಂದು ಜೊತೆಗೇ ಬರುತ್ತದೆ. ಮ್ಯಾಕ್‌ನೊಳಗೆ ಬಹಳ ಕಾಲದಿಂದ ಇರುವುದು ಇನ್‌ಸ್ಕ್ರಿಪ್ಟ್ ವಿನ್ಯಾಸ, ಅದರಲ್ಲಿ ಸ್ವರಗಳು ಎಡಗೈಗೆ, ವ್ಯಂಜನಗಳು ಹೆಚ್ಚಾಗಿ ಬಲಗೈಗೆ. ಎಪ್ಪತ್ತರಲ್ಲಿ ಅದನ್ನು ಮೊದಲಿನಿಂದ ಕಲಿಯುವುದು ಹಟದ ಕೆಲಸ. ದಿನವೂ ಕನ್ನಡದಲ್ಲಿ ಪತ್ರ ಬರೆಯುವವರಾದರೆ, ಮ್ಯಾಕ್‌ಗಿಂತ ಮಿಂಟ್ ಅಥವಾ ವಿಂಡೋಸ್ ಒಳ್ಳೆಯದೆಂಬುದಕ್ಕೆ ಇದೊಂದೇ ಕಾರಣ ಸಾಕು.

ಯಾವಾಗ, ಹೇಗೆ

ಹಳೆಯ ಅಡಿಕೆ ತೋಟವನ್ನು ಮರುನಾಟಿ ಮಾಡುವಾಗ ಹಳೆಯ ಮರಗಳನ್ನು ಒಮ್ಮೆಗೇ ಕಡಿಯುವುದಿಲ್ಲ. ನಡುವೆ ಹೊಸ ಸಸಿ ನೆಟ್ಟು, ಅವು ಹಿಂಗಾರ ಬಿಡಲಾರಂಭಿಸಿದ ಮೇಲೆ ಹಳೆಯದನ್ನು ತೆಗೆಯುತ್ತೇವೆ. ಇಲ್ಲಿಯೂ ಅದೇ ಕ್ರಮ. ಕಾಫಿ ಹಣ್ಣು ಕೊಯ್ಯುವ, ಅಡಿಕೆ ಕೊನೆ ಇಳಿಸುವ ತಿಂಗಳುಗಳಲ್ಲಿ ಇದಕ್ಕೆ ಕೈಹಾಕಬೇಡಿ. ಆಗ ಆಳುಲೆಕ್ಕ ತಪ್ಪಿದರೆ ಸರಿಪಡಿಸಲು ಬಿಡುವಿರುವುದಿಲ್ಲ. ಮಾರ್ಚ್ 31ಕ್ಕೆ ವರ್ಷದ ಲೆಕ್ಕ ಮುಗಿಸಿ, ಏಪ್ರಿಲಿನಿಂದ ಹೊಸ ಲೆಕ್ಕವನ್ನು ಹೊಸ ಯಂತ್ರದಲ್ಲಿ ತೆರೆದರೆ ಗಡಿ ಸ್ಪಷ್ಟವಾಗಿರುತ್ತದೆ. ಹಿಂದಿನದೆಲ್ಲ ಅದರಲ್ಲಿ, ಮುಂದಿನದೆಲ್ಲ ಇದರಲ್ಲಿ.

ಮೊದಲ ಹದಿನೈದು ದಿನ ಒಂದೇ ಸಣ್ಣ ಕೆಲಸ ಇಟ್ಟುಕೊಳ್ಳಿ. ಬೆಳಿಗ್ಗೆ ಎಂಟೂವರೆಗೆ ಮಳೆಮಾಪಕ ನೋಡಿ ಬಂದು ಆ ಅಂಕೆಯನ್ನು ಹೊಸ ಯಂತ್ರದಲ್ಲಿ ಬರೆಯುವುದು, ಮಳೆ ಇಲ್ಲದಿದ್ದರೆ ಸೊನ್ನೆ ಬರೆಯುವುದು. ಯಂತ್ರ ತೆರೆಯುವುದು, ಕಡತ ಹುಡುಕುವುದು, ಬರೆಯುವುದು, ಉಳಿಸುವುದು, ಮುಚ್ಚುವುದು ಈ ಐದೂ ಅದರಲ್ಲಿ ಬಂದುಹೋಗುತ್ತವೆ. ಆಮೇಲೆ ಹಾಜರಿ, ಆಮೇಲೆ ಪತ್ರ, ಎಲ್ಲಕ್ಕಿಂತ ಕೊನೆಗೆ ಬ್ಯಾಂಕು. ಹೇಳಿಕೊಡುವವರು ಮಕ್ಕಳಾಗಲಿ ಪಕ್ಕದ ಮನೆಯ ಹುಡುಗನಾಗಲಿ, ಮೌಸನ್ನು ಅವರ ಕೈಗೆ ಕೊಡಬಾರದು. ಅವರು ಬಾಯಲ್ಲಿ ಹೇಳಲಿ, ನಿಮ್ಮ ಕೈ ಮಾಡಲಿ. ಮಾಡಿದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ನಿಮ್ಮದೇ ಮಾತಿನಲ್ಲಿ ಬರೆದಿಡಿ. "ಮೇಲಿನ ಸೇಬು ಒತ್ತು, ಕೆಳಗಿನಿಂದ ಎರಡನೆಯದು" ಎಂದು ಬರೆದದ್ದು ಅಚ್ಚಾದ ಪುಸ್ತಕಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಹೊಸ ಯಂತ್ರದ ಪರಿಚಯ ಇನ್ನೂ ಆಗದ ಈ ವಾರಗಳಲ್ಲಿಯೇ ಮೋಸಕ್ಕೆ ಬೀಳುವ ಸಂಭವ ಹೆಚ್ಚು, ಏಕೆಂದರೆ ಯಾವುದು ಸಹಜ, ಯಾವುದು ಅಸಹಜವೆಂದು ತಿಳಿದಿರುವುದಿಲ್ಲ. ಪರದೆಯ ತುಂಬ ಕೆಂಪಾಗಿ "ನಿಮ್ಮ ಯಂತ್ರಕ್ಕೆ ವೈರಸ್ ತಗುಲಿದೆ, ಈ ಸಂಖ್ಯೆಗೆ ಕರೆ ಮಾಡಿ" ಎಂದು ಬಂದರೆ ಕರೆ ಮಾಡಬೇಡಿ. ಆಪಲ್ ಆಗಲಿ ಮೈಕ್ರೋಸಾಫ್ಟ್ ಆಗಲಿ ಹಾಗೆ ಕರೆಯುವುದಿಲ್ಲ. ದೂರದಿಂದ ಸರಿಮಾಡಿಕೊಡುತ್ತೇವೆಂದು ಯಾವುದಾದರೂ ತಂತ್ರಾಂಶ ಹಾಕಿಕೊಳ್ಳಲು ಅಪರಿಚಿತರು ಹೇಳಿದರೆ ಯಂತ್ರವನ್ನು ನಿಲ್ಲಿಸಿಬಿಡಿ. ಮ್ಯಾಕ್‌ಗೆ, ಲಿನಕ್ಸಿಗೆ ಇಂಥದ್ದು ತಗುಲುವುದಿಲ್ಲವೆಂಬ ಮಾತು ಕೇಳಿಬರುತ್ತದೆ. ವೈರಸ್ಸು ಕಡಿಮೆ ಇರಬಹುದು, ಆದರೆ ಮೋಸ ನಡೆಯುವುದು ಯಂತ್ರಕ್ಕಲ್ಲ, ಅದರ ಮುಂದೆ ಕುಳಿತವರಿಗೆ. ಹಣ ಹೋದದ್ದು ತಿಳಿದ ಕೂಡಲೆ 1930 ಸಂಖ್ಯೆಗೆ ದೂರು ಕೊಡಬೇಕು, ಜೊತೆಗೆ ನಿಮ್ಮ ಬ್ಯಾಂಕಿಗೂ ತಿಳಿಸಬೇಕು. ಇಲ್ಲಿ ಗಂಟೆಗಳ ಲೆಕ್ಕ ಮುಖ್ಯ, ನಾಳೆ ಪೇಟೆಗೆ ಹೋದಾಗ ನೋಡೋಣವೆಂದರೆ ಹಣ ಕೈ ದಾಟಿರುತ್ತದೆ.

ಹಳೆಯ ಯಂತ್ರವನ್ನು ಒಂದು ವರ್ಷದ ಲೆಕ್ಕಪರಿಶೋಧನೆ ಮುಗಿಯುವ ತನಕ, ವೈಫೈ ತೆಗೆದು, ಎರಡು ಮೂರು ತಿಂಗಳಿಗೊಮ್ಮೆ ತೆರೆದು ಬ್ಯಾಟರಿ ತುಂಬಿಸಿ ಇಟ್ಟುಕೊಳ್ಳಿ. ತಳಭಾಗ ಉಬ್ಬಿ ಮುಚ್ಚಳ ಸರಿಯಾಗಿ ಕೂರದಂತಾಗಿದ್ದರೆ ಅದು ಬ್ಯಾಟರಿ ಊದಿರುವ ಲಕ್ಷಣ. ಅಂಥದನ್ನು ಚಾರ್ಜಿಗೆ ಹಾಕದೆ, ಚುಚ್ಚದೆ, ಕೂಡಲೇ ಅಂಗಡಿಗೆ ಒಯ್ದು ಬ್ಯಾಟರಿ ತೆಗೆಸಬೇಕು. ಮಾರುವುದಾದರೂ ಗುಜರಿಗೆ ಹಾಕುವುದಾದರೂ ಒಳಗಿನ ಡಿಸ್ಕನ್ನು ಮಾತ್ರ ಬಿಚ್ಚಿಸಿ ಮನೆಯಲ್ಲೇ ಉಳಿಸಿಕೊಳ್ಳತಕ್ಕದ್ದು.